‘ಯಾವ ಫ್ಲೈಯಿಂಗ್ ಸ್ಕೂಲ್ ಒಳ್ಳೇದು?’ ಅಂತ ಕೇಳುವವರಿಗೆ

“ಮಗನ್ನ ಪೈಲಟ್ ಟ್ರೇನಿಂಗಿಗೆ ಅಮೆರಿಕಕ್ಕೆ ಕಳಿಸೋಣ ಅಂತಿದ್ದೀವಿ ಸರ್. ಫ್ಲೋರಿಡಾನಾ, ಅರಿಜೋನಾನಾ? ಯಾವ ಸ್ಕೂಲ್ ಒಳ್ಳೇದು?” ನಾನು ಅಲ್ಲಿ ಕಲಿತು ಬಂದವನು ಅಂತ ಗೊತ್ತಾದರೆ ಸಾಕು, ಮದುವೆಮನೆ ಪಂಕ್ತಿಯಲ್ಲಿ ಕೂತಾಗಲೂ ಈ ಪ್ರಶ್ನೆ ಬರುತ್ತೆ. ನಾನು ಯಾವ ಸ್ಕೂಲಿನ ಹೆಸರನ್ನೂ ಹೇಳೋದಿಲ್ಲ. ಒಂದು ವಿಮಾನಕ್ಕೆ ಎಷ್ಟು ಜನ ಹುಡುಗರಿದ್ದಾರೆ ಅಂತ ಮೊದಲು ವಿಚಾರಿಸಿ ಅಂತೀನಿ.

ಬ್ರೋಷರಿನಲ್ಲಿ ಸಾಲಾಗಿ ನಿಂತ ಸೆಸ್ನಾ 172 ಅನ್ನೋ ಸಣ್ಣ ಟ್ರೇನಿಂಗ್ ವಿಮಾನಗಳ ಫೋಟೋ ಇರುತ್ತೆ. ಅವುಗಳಲ್ಲಿ ಇವತ್ತು ಹಾರ್ತಿರೋದು ಎಷ್ಟು, ಹ್ಯಾಂಗರಿನಲ್ಲಿ ಬಿಚ್ಚಿಟ್ಟಿರೋದು ಎಷ್ಟು? ಟ್ರೇನಿಂಗ್ ವಿಮಾನಕ್ಕೆ ಪ್ರತಿ 100 ಗಂಟೆಗೊಮ್ಮೆ ತಪಾಸಣೆ ಕಡ್ಡಾಯ. ಸ್ಕೂಲಿಗೆ ಸ್ವಂತ ಮೆಕ್ಯಾನಿಕ್ ಇಲ್ಲದಿದ್ದರೆ ವಿಮಾನ ಅಲ್ಲೇ ಕೂರುತ್ತೆ, ನಿಮ್ಮ ಹುಡುಗ ರೂಮಲ್ಲಿ ಕೂರ್ತಾನೆ. ಇನ್‌ಸ್ಟ್ರಕ್ಟರುಗಳದ್ದೂ ಇದೇ ಕಥೆ. ಎಷ್ಟೋ ಜನ ಏರ್‌ಲೈನಿಗೆ ಬೇಕಾದ 1,500 ಗಂಟೆ ಹಾರಾಟ ತುಂಬಿಸಿಕೊಳ್ಳೋಕೆ ಅಂತಲೇ ಪಾಠ ಹೇಳೋರು. ತುಂಬಿತು ಅಂದರೆ ಹೊರಟರು. ಹೊಸಬರು ಬಂದಾಗ ಕಲಿತದ್ದನ್ನೇ ಮತ್ತೆ ಹಾರಿ ತೋರಿಸಬೇಕು, ಅದೂ ನಿಮ್ಮ ದುಡ್ಡಲ್ಲಿ.

ಹವೆ ವಿಷಯ ಹೇಳೋದಾದರೆ, ಫ್ಲೋರಿಡಾದ ಬೇಸಿಗೆಯಲ್ಲಿ ಮಧ್ಯಾಹ್ನ ಆಯ್ತು ಅಂದರೆ ಗುಡುಗುಮಳೆ. ಅರಿಜೋನಾದಲ್ಲಿ ಆಕಾಶ ತಿಳಿ, ಆದರೆ ಫೀನಿಕ್ಸಿನ ಡೀರ್ ವ್ಯಾಲಿಯಂಥ ಕಡೆ ಟ್ರಾಫಿಕ್ ವಿಪರೀತ. ಬಿಲ್ ಆಗೋದು ವಿಮಾನದೊಳಗಿನ ಗಂಟೆ ಎಣಿಸೋ ಹಾಬ್ಸ್ ಮೀಟರ್ ಲೆಕ್ಕದಲ್ಲಿ. ಎಂಜಿನ್ ಶುರುವಾದಾಗಿನಿಂದ ಅದು ಓಡ್ತಿರುತ್ತೆ, ಆರು ನಿಮಿಷಕ್ಕೊಂದು ಅಂಕಿ. ರನ್‌ವೇ ಮುಂದೆ ನಾಲ್ಕೈದು ವಿಮಾನಗಳ ಹಿಂದೆ ಬ್ರೇಕ್ ಹಿಡಿದು ಕೂತಾಗ, ಆಟೋ ಮೀಟರಿನ ವೇಟಿಂಗ್ ಚಾರ್ಜ್ ಥರ, ಎರಡು ಮೂರು ಅಂಕಿ ಉರುಳಿಬಿಡುತ್ತೆ. ಗಂಟೆಯ ದರ ಕಡಿಮೆ ಅಂತ ಹಿಗ್ಗೋ ಮೊದಲು ಇದನ್ನೂ ಕೇಳಿ.

ಇನ್ನೊಂದು ಕಡೆ ತುಂಬ ಜನ ಎಡವ್ತಾರೆ. ಅಮೆರಿಕದಲ್ಲಿ ಪಾರ್ಟ್ 141 ಸ್ಕೂಲಾದರೆ, ಅಂದರೆ ಅಲ್ಲಿನ ಸರ್ಕಾರ ಪಠ್ಯಕ್ರಮಕ್ಕೆ ಒಪ್ಪಿಗೆ ಕೊಟ್ಟ ಸ್ಕೂಲಾದರೆ, 190 ಗಂಟೆ ಹಾರಾಟಕ್ಕೇ ಕಮರ್ಷಿಯಲ್ ಲೈಸೆನ್ಸ್ ಸಿಗಬಹುದು. ಇಲ್ಲಿ ಲೈಸೆನ್ಸ್ ಕೊಡೋ ನಮ್ಮ ವಿಮಾನಯಾನ ಇಲಾಖೆ ಡಿಜಿಸಿಎ ಕೇಳೋದು 200 ಗಂಟೆ, ಅದರಲ್ಲಿ 100 ಗಂಟೆ ಪೈಲಟ್ ಇನ್ ಕಮಾಂಡ್, ಅಂದರೆ ವಿಮಾನದ ಪೂರ್ತಿ ಜವಾಬ್ದಾರಿ ಹೊತ್ತ ಪೈಲಟ್ ಆಗಿರಬೇಕು. ಅಗ್ಗದ ಪ್ಯಾಕೇಜಿನಲ್ಲಿ ಒಟ್ಟು ಎಷ್ಟು ಗಂಟೆ ಹಾರಾಟ ಇದೆ ನೋಡಿ. ಕಮರ್ಷಿಯಲ್ ಪೈಲಟ್ಟಿಗೆ ಬೇಕಾದ ವೈದ್ಯಕೀಯ ಪರೀಕ್ಷೆ, ಅಂದರೆ ಕ್ಲಾಸ್ 1 ಮೆಡಿಕಲ್, ಇಲ್ಲೇ ಮುಗಿಸದೆ ಒಂದು ಪೈಸೆ ಕಟ್ಟಬೇಡಿ. ಡಿಜಿಸಿಎ ಪೇಪರುಗಳನ್ನೂ ಹೋಗೋ ಮೊದಲೇ ಬರೆದುಬಿಟ್ಟರೆ ಒಳ್ಳೇದು.

ಪೂರ್ತಿ ಫೀಸ್ ಮುಂಗಡ ಕಟ್ಟಿದರೆ ಡಿಸ್ಕೌಂಟ್ ಅಂತಾರೆ. ಬೇಡ. ಲಾಸ್ ವೇಗಸ್ಸಿನ ಸಿಲ್ವರ್ ಸ್ಟೇಟ್ ಹೆಲಿಕಾಪ್ಟರ್ಸ್ ಅನ್ನೋ ಹೆಲಿಕಾಪ್ಟರ್ ಟ್ರೇನಿಂಗ್ ಸ್ಕೂಲ್ 2008ರ ಫೆಬ್ರವರಿಯಲ್ಲಿ ಇದ್ದಕ್ಕಿದ್ದಂತೆ ಬಾಗಿಲು ಹಾಕಿದಾಗ, ಸಾಲ ಮಾಡಿ ದುಡ್ಡು ಕಟ್ಟಿದ್ದ ವಿದ್ಯಾರ್ಥಿಗಳು ಬೀದಿಗೆ ಬಿದ್ದರು. ಕಂತಲ್ಲಿ ಕಟ್ಟಿ, ಮರುಪಾವತಿಯ ಷರತ್ತನ್ನ ಬರಹದಲ್ಲೇ ಇಸ್ಕೊಳ್ಳಿ.

ಕೊನೆಗೆ ಅಲ್ಲಿ ಈಗ ಓದ್ತಿರೋ ಒಬ್ಬ ಹುಡುಗನಿಗೆ ಫೋನ್ ಮಾಡಿ. ಕನ್ಸಲ್ಟೆಂಟ್ ಕೊಟ್ಟ ನಂಬರ್ ಬೇಡ, ನೀವೇ ಹುಡುಕಿ. ಈ ವಾರ ಎಷ್ಟು ಸಲ ಹಾರಿದೆ ಅಂತ ಕೇಳಿ. ನಾಲ್ಕೈದು ಸಲ ಅಂದರೆ ಮಾತು ಮುಂದುವರಿಸಿ. “ಇನ್ನೂ ಸ್ಲಾಟ್ ಸಿಕ್ಕಿಲ್ಲ ಅಂಕಲ್” ಅಂದರೆ, ಅವರು ಹೇಳಿದ ಫೀಸಿಗೆ ಇನ್ನೂ ಆರು ತಿಂಗಳ ಬಾಡಿಗೆ, ಊಟದ ಖರ್ಚು ಸೇರಿಸಿ ಲೆಕ್ಕ ಹಾಕಿ.