‘ಐಟಿ ತಾನಾಗೇ ಬೆಳೀತು, ಸರ್ಕಾರ ಏನ್ ಮಾಡ್ತು?’ ಅಂತ ಕೇಳುವವರಿಗೆ

ಮದುವೆ ಊಟಕ್ಕೆ ಕೂತರೂ ಸರಿ, ರೈಲಲ್ಲಿ ಕೂತರೂ ಸರಿ, ಯಾರಾದರೂ ಇದನ್ನು ಕೇಳೇ ಕೇಳುತ್ತಾರೆ. “ಬೆಂಗಳೂರಿನ ಐಟಿ ಬೆಳೆದದ್ದು ಕಂಪನಿಯವರ ದುಡಿಮೆಯಿಂದ. ಸರ್ಕಾರ ಏನ್ ಮಾಡ್ತು? ಈಗ ನೋಡಿದ್ರೆ ಸ್ಟಾರ್ಟಪ್‌ನವರಿಗೆ ನಮ್ಮ ತೆರಿಗೆ ದುಡ್ಡು ಬೇರೆ ಕೊಡ್ತಾರೆ. ಯಾಕೆ?”

ನನ್ನ ಉತ್ತರ ಶುರುವಾಗೋದು ಕೋನಪ್ಪನ ಅಗ್ರಹಾರದಿಂದ.

1976ರಲ್ಲಿ ರಾಜ್ಯ ಸರ್ಕಾರ ಎಲೆಕ್ಟ್ರಾನಿಕ್ಸ್ ಉದ್ಯಮ ಬೆಳೆಸೋಕೆ ಕಿಯೋನಿಕ್ಸ್ ಅನ್ನುವ ಸಂಸ್ಥೆ ಕಟ್ಟಿತು. ಅದರ ಹೊಣೆ ಹೊತ್ತವರು ಆರ್.ಕೆ. ಬಾಳಿಗ. ಕೋನಪ್ಪನ ಅಗ್ರಹಾರ, ದೊಡ್ಡತೋಗೂರು ಹಳ್ಳಿಗಳ 332 ಎಕರೆಯಲ್ಲಿ ಎಲೆಕ್ಟ್ರಾನಿಕ್ಸ್ ಉದ್ಯಮಕ್ಕೇ ಒಂದು ಊರು ಮಾಡೋಣ ಅಂತ ಹೊರಟರು. ಅದೇ ಇವತ್ತಿನ ಎಲೆಕ್ಟ್ರಾನಿಕ್ ಸಿಟಿ. ಆಗ ಇನ್ಫೋಸಿಸ್ ಹುಟ್ಟಿರಲೇ ಇಲ್ಲ. ಅದು 1981ರಲ್ಲಿ ಪುಣೆಯಲ್ಲಿ ಶುರುವಾಗಿ, 1983ರಲ್ಲಿ ಬೆಂಗಳೂರಿಗೆ ಬಂದು, ಎಲೆಕ್ಟ್ರಾನಿಕ್ ಸಿಟಿ ಸೇರಿದ್ದು 1994ರಲ್ಲಿ. ಅಷ್ಟು ವರ್ಷ ಜಾಗ ಹಿಡಿದುಕೊಂಡು ಕಾಯುವ ತಾಳ್ಮೆ ಲಾಭ ನೋಡುವ ಯಾವ ಸಾಹುಕಾರನಿಗೆ ಇರುತ್ತದೆ ಹೇಳಿ? ಇದೆಲ್ಲ ಎದ್ದು ನಿಂತದ್ದು ಆ ಹಳ್ಳಿಗಳ ನೆಲದ ಮೇಲೆ ಅನ್ನೋದನ್ನೂ ನಾವು ಮರೆಯಬಾರದು.

ರಾಜ್ಯ ಸರ್ಕಾರ ಒಂದೇ ಎಲ್ಲ ಮಾಡಿತು ಅಂತ ನಾನು ಹೇಳಲ್ಲ. ಟಾಟಾ ಇನ್‌ಸ್ಟಿಟ್ಯೂಟ್ ಅಂತ ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆ, ವಿಮಾನ ಮಾಡುವ ಎಚ್‌ಎಎಲ್, ಎಲೆಕ್ಟ್ರಾನಿಕ್ಸ್ ಮಾಡುವ ಬಿಇಎಲ್ ಬೆಂಗಳೂರಿನಲ್ಲಿ ಮೊದಲೇ ಇದ್ದವು. ಸಾಫ್ಟ್‌ವೇರ್ ರಫ್ತಿಗೆ ನೆರವಾಗುವ ಕೇಂದ್ರ ಸರ್ಕಾರದ ಸಾಫ್ಟ್‌ವೇರ್ ಟೆಕ್ನಾಲಜಿ ಪಾರ್ಕ್ ಕೂಡ ಬಂತು. ಆದರೆ 1997ರಲ್ಲೇ ರಾಜ್ಯ ತನ್ನದೇ ಐಟಿ ನೀತಿ ತಂದಿತು. ಬರುವವರಿಗೆ ದಾರಿ ಸಿದ್ಧವಾಗಿತ್ತು.

ಇನ್ನು ಸ್ಟಾರ್ಟಪ್ ದುಡ್ಡಿನ ಮಾತು. ರಾಜ್ಯದಲ್ಲಿ 2017ರಿಂದ ‘ಎಲಿವೇಟ್’ ಅನ್ನುವ ಯೋಜನೆ ಇದೆ. ಅರ್ಜಿ ಹಾಕಿ, ತೀರ್ಪುಗಾರರ ಮುಂದೆ ನಿಂತು ವಿವರಿಸಿ ಆಯ್ಕೆಯಾದರೆ 50 ಲಕ್ಷ ರೂಪಾಯಿವರೆಗೆ ಅನುದಾನ. ಅದು ಸಾಲ ಅಲ್ಲ. ಕಂಪನಿಯಲ್ಲಿ ಸರ್ಕಾರ ಪಾಲೂ ಕೇಳಲ್ಲ.

ಇದು ಯಾರಿಗೆ ಬೇಕು ಅಂತ ನನಗೆ ಅರ್ಥವಾದದ್ದು ತಿಪಟೂರು ಕಡೆಯ ನಮ್ಮ ನೆಂಟರ ಹುಡುಗಿಯಿಂದ. ಅವರದು ತೆಂಗಿನ ತೋಟ. ಕಾಯಿಗಳನ್ನು ತಿಂಗಳುಗಟ್ಟಲೆ ಅಟ್ಟದ ಮೇಲೆ ಇಟ್ಟರೆ ಒಳಗಿನ ನೀರೆಲ್ಲ ಇಂಗಿ ಉಂಡೆ ಕೊಬ್ಬರಿ ಆಗುತ್ತದೆ. ಆಗಿದೆಯೋ ಇಲ್ಲವೋ ನೋಡೋಕೆ ಅವಳ ತಾತ ಕಾಯನ್ನು ಕಿವಿ ಹತ್ರ ಹಿಡಿದು ಅಲ್ಲಾಡಿಸುತ್ತಾರೆ. ಚಿಪ್ಪಿನೊಳಗೆ ಕೊಬ್ಬರಿ ಗಡಗಡ ಅನ್ನಬೇಕು. ನೀರಿನ ಸದ್ದು ಬಂದರೆ ಮತ್ತೆ ಅಟ್ಟಕ್ಕೆ. ಆ ಸದ್ದನ್ನು ಕೇಳಿ ಕಾಯಿ ವಿಂಗಡಿಸುವ ಮೆಷಿನ್ ಮಾಡಬೇಕು ಅನ್ನೋದು ಇವಳ ಹಟ.

ಸಾಲಕ್ಕೆ ಹೋದರೆ “ಅಡಮಾನಕ್ಕೆ ಏನಿದೆ?” ಅಂದರು. ಬಂಡವಾಳ ಹಾಕುವವರು “ಎಷ್ಟು ಗಿರಾಕಿ ಇದ್ದಾರೆ?” ಅಂದರು. ಮೆಷಿನ್ನೇ ಇಲ್ಲದೆ ಗಿರಾಕಿ ಎಲ್ಲಿಂದ ಬರಬೇಕು? ಇಂಥ ಹೊತ್ತಿನಲ್ಲಿ ಕೈ ಹಿಡಿಯಬೇಕಾದ್ದು ಸರ್ಕಾರವೇ. ಹತ್ತರಲ್ಲಿ ಆರು ಮುಳುಗಬಹುದು. ರಾಗಿ ಬಿತ್ತಿದವರು ಒಂದು ವರ್ಷ ಮಳೆ ಕೈಕೊಟ್ಟಿತು ಅಂತ ಬಿತ್ತನೆ ನಿಲ್ಲಿಸ್ತಾರಾ?

ನನಗೆ ಬೇಜಾರು ಇರೋದು ಬೇರೆ ವಿಷಯಕ್ಕೆ. ಐಟಿ, ಸ್ಟಾರ್ಟಪ್‌ಗಳು ಬೆಂಗಳೂರಿನಾಚೆಗೂ ಬೆಳೆಯಲಿ ಅಂತ ಸರ್ಕಾರದವರು ‘ಬಿಯಾಂಡ್ ಬೆಂಗಳೂರು’ ಹೆಸರಿನಲ್ಲಿ ಮೈಸೂರು, ಮಂಗಳೂರು, ಹುಬ್ಬಳ್ಳಿ-ಧಾರವಾಡ-ಬೆಳಗಾವಿಗೆ ಒತ್ತು ಕೊಡುತ್ತಿದ್ದಾರೆ. ಒಳ್ಳೆಯದೇ. ಆದರೆ ತಿಪಟೂರು, ಸಿಂಧನೂರು, ಶಿರಸಿಯಂಥ ಊರಿನ ಮಕ್ಕಳಿಗೆ ಇಂಥ ಯೋಜನೆ ಇರೋದೇ ಗೊತ್ತಾಗಲ್ಲ. ನಮ್ಮ ಹುಡುಗಿಗೂ ಗೊತ್ತಾದದ್ದು ಬೆಂಗಳೂರಿನಲ್ಲಿ ಕೆಲಸ ಮಾಡುವ ಗೆಳತಿಯಿಂದ. ಅರ್ಜಿ ಕನ್ನಡದಲ್ಲಿ ಬರೆದು, ಕನ್ನಡದಲ್ಲೇ ವಿವರಿಸುವ ಅನುಕೂಲ ಪ್ರತಿ ತಾಲೂಕಿಗೂ ಬೇಕು. ಇದನ್ನು ನಾನು ಸಿಕ್ಕವರಿಗೆಲ್ಲ ಹೇಳುತ್ತಲೇ ಇರುತ್ತೇನೆ.

ಕಳೆದ ಸಲ ಅವರ ಮನೆಗೆ ಹೋದಾಗ ಅಜ್ಜ-ಮೊಮ್ಮಗಳು ಇಬ್ಬರೂ ಅಟ್ಟದ ಮೇಲಿದ್ದರು. ಅವರು ಕಾಯಿ ಅಲ್ಲಾಡಿಸಿ “ಆಗೈತೆ”, “ಇಲ್ಲ” ಅನ್ನುತ್ತಿದ್ದರು. ಇವಳು ಮೊಬೈಲಿನಲ್ಲಿ ಸದ್ದು ರೆಕಾರ್ಡ್ ಮಾಡಿ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದಳು. ಆಗಲೇ 400 ಕಾಯಿ ದಾಟಿತ್ತು.