ಆ ಹುಡುಗಿಯ ಪಾಸ್‌ವರ್ಡ್ ಸರಿಯಾಗಿಯೇ ಇತ್ತು

“ನಮ್ಮ ಹುಡುಗೀದೇ ತಪ್ಪಾ ಸಾರ್?”

ಹೊಸದುರ್ಗದ ಬಸ್ ನಿಲ್ದಾಣದ ಸಮೀಪದ ಆನ್‌ಲೈನ್ ಸೆಂಟರಿನಲ್ಲಿ ಮಂಗಳವಾರ ಸಂಜೆ ಒಬ್ಬ ತಾಯಿ ನನ್ನನ್ನು ಕೇಳಿದ ಈ ಪ್ರಶ್ನೆ ವಾರವೆಲ್ಲ ನನ್ನ ಕಿವಿಯಲ್ಲೇ ಉಳಿದಿದೆ. ಮಗಳು ಪಿಯುಸಿ ಮುಗಿಸಿ ಈ ವರ್ಷ ಬಿ.ಕಾಂ. ಸೇರಿದ್ದಾಳೆ. ವಿದ್ಯಾರ್ಥಿವೇತನದ ಅರ್ಜಿಗೆ ಶನಿವಾರವೇ ಕೊನೆಯ ದಿನ. ಅರ್ಜಿಯ ಬಹುಭಾಗವನ್ನು ಹಿಂದೆಯೇ ತುಂಬಿ ಉಳಿಸಿಟ್ಟಿದ್ದಳು; ಆದಾಯ ಪ್ರಮಾಣಪತ್ರವೊಂದನ್ನು ಅಪ್‌ಲೋಡ್ ಮಾಡಿದರೆ ಕೆಲಸ ಮುಗಿಯುತ್ತಿತ್ತು. ಆದರೆ ಹೆಸರು, ಪಾಸ್‌ವರ್ಡ್, ಕ್ಯಾಪ್ಚಾ ಎಲ್ಲವನ್ನೂ ಹಾಕಿ ಗುಂಡಿ ಒತ್ತಿದರೆ ಪುಟ ಒಂದು ಕ್ಷಣ ಖಾಲಿಯಾಗಿ, ಮತ್ತೆ ಅದೇ ಲಾಗಿನ್ ಪುಟವೇ ಬಂದು ನಿಲ್ಲುತ್ತಿತ್ತು. ಮೇಲ್ಗಡೆ ಕೆಂಪು ಅಕ್ಷರಗಳಲ್ಲಿ ‘ಅಮಾನ್ಯ ಲಾಗಿನ್. ಸರಿಯಾದ ವಿವರಗಳನ್ನು ನಮೂದಿಸಿ’ ಎಂಬ ಸಾಲು ಕಾಣಿಸಿಕೊಳ್ಳುತ್ತಿತ್ತು.

ನಾನು ಪದವಿ ಕಾಲೇಜಿನಲ್ಲಿ ಕಂಪ್ಯೂಟರ್ ವಿಜ್ಞಾನ ಕಲಿಸುವವನಾದ್ದರಿಂದ ಸೆಂಟರಿನ ಹುಡುಗ ಇಂಥ ಹೊತ್ತಿನಲ್ಲಿ ನನಗೆ ಫೋನ್ ಮಾಡುವುದುಂಟು. ಅವನ ಬಗ್ಗೆ ನನಗೆ ಗೌರವವಿದೆ. ಪಹಣಿಯಿಂದ ಹಿಡಿದು ಪಾನ್ ಕಾರ್ಡಿನ ತಿದ್ದುಪಡಿಯವರೆಗೆ ಈ ಊರಿನ ಅರ್ಧ ಜನರ ಕಾಗದಪತ್ರಗಳು ಅವನ ಕೈಯಲ್ಲಿ ಹಾದುಹೋಗುತ್ತವೆ, ಬಡವರಿಂದ ಹೆಚ್ಚು ಹಣ ಕೀಳುವ ಬುದ್ಧಿ ಅವನಿಗಿಲ್ಲ. ಆದರೆ ಅಂದು ಅವನೂ ಪರದೆಯ ಮಾತನ್ನೇ ನಂಬಿದ್ದ. “ಪಾಸ್‌ವರ್ಡ್ ಮರ್ತಿದೀಯ, ಸರಿಯಾಗಿ ಜ್ಞಾಪಿಸ್ಕೊ” ಎಂದು ಹುಡುಗಿಯನ್ನು ಗದರಿಯೂ ಇದ್ದ. ಸಹಾಯವಾಣಿಗೆ ಫೋನ್ ಮಾಡಿದರೆ ಅಲ್ಲಿಂದಲೂ ಅದೇ ಉತ್ತರ ಬಂದಿತ್ತು: ಪಾಸ್‌ವರ್ಡ್ ತಪ್ಪಿದೆ, ರೀಸೆಟ್ ಮಾಡಿ. ರೀಸೆಟ್ ಮಾಡಲು ಒಟಿಪಿ ಬರುವುದು ಬೆಂಗಳೂರಿನಲ್ಲಿ ಸೆಂಟ್ರಿಂಗ್ ಕೆಲಸ ಮಾಡುವ ತಂದೆಯ ಮೊಬೈಲಿಗೆ. ಅವರು ಕಟ್ಟಡದಿಂದ ಇಳಿದುಬಂದು ಸಂಖ್ಯೆಯನ್ನು ಓದಿ ಹೇಳುವಷ್ಟರಲ್ಲಿ ಅದರ ಅವಧಿ ಮುಗಿದಿರುತ್ತಿತ್ತು. ಕಡೆಗೂ ಹೊಸ ಪಾಸ್‌ವರ್ಡ್ ದೊರೆತು ಅದನ್ನು ಹಾಕಿ ನೋಡಿದರೆ ಮತ್ತದೇ ‘ಅಮಾನ್ಯ ಲಾಗಿನ್’. ಹೊಸದಾಗಿ ಪಡೆದ ಪಾಸ್‌ವರ್ಡ್ ಕೂಡ ನಡೆಯಲಿಲ್ಲವೆಂದಾಗ ತಪ್ಪು ಬೇರೆಲ್ಲೋ ಇದೆಯೆಂದು ಯಾರಿಗಾದರೂ ಹೊಳೆಯಬೇಕಿತ್ತು. ಯಾರಿಗೂ ಹೊಳೆಯದಿದ್ದುದಕ್ಕೆ ಕಾರಣ, ತಪ್ಪು ಆ ಹುಡುಗಿಯದೇ ಎಂದು ಎಲ್ಲರೂ ಮೊದಲೇ ತೀರ್ಮಾನಿಸಿದ್ದುದು.

ಹುಡುಗಿ ತನ್ನ ನೋಟ್‌ಬುಕ್ಕಿನ ಕೊನೆಯ ಹಾಳೆಯನ್ನು ತೆಗೆದು ತೋರಿಸಿದಳು. ಹಳೆಯ ಪಾಸ್‌ವರ್ಡನ್ನು ಒಂದು ಗೆರೆ ಎಳೆದು ಹೊಡೆದುಹಾಕಿ, ಅದರ ಕೆಳಗೆ ಹೊಸದನ್ನು ಬಿಡಿಬಿಡಿ ಅಕ್ಷರಗಳಲ್ಲಿ ಬರೆದುಕೊಂಡಿದ್ದಳು. ದೊಡ್ಡಕ್ಷರಗಳ ಕೆಳಗೆ ಅಡಿಗೆರೆ ಹಾಕಿದ್ದಳು. ಸೊನ್ನೆಯನ್ನು ಇಂಗ್ಲಿಷಿನ ‘ಓ’ ಅಕ್ಷರವೆಂದು ಯಾರೂ ಓದಬಾರದೆಂದು ಅದರ ನಡುವೆ ಓರೆಗೆರೆ ಎಳೆದಿದ್ದಳು. ಇಷ್ಟು ಜಾಗ್ರತೆಯಿರುವ ಮಗು ಪಾಸ್‌ವರ್ಡ್ ಮರೆಯುವವಳಲ್ಲವೆಂದು ನನಗೆ ಆ ಹಾಳೆಯನ್ನು ನೋಡಿದಾಗಲೇ ಅನ್ನಿಸಿತು.

ಅದೇ ಕಂಪ್ಯೂಟರಿನಲ್ಲಿ ಕ್ರೋಮ್‌ನ ಇನ್‌ಕಾಗ್ನಿಟೋ ಕಿಟಕಿಯನ್ನು ತೆರೆಸಿ ಅಲ್ಲಿ ಲಾಗಿನ್ ಮಾಡಿಸಿದೆ. ತಕ್ಷಣ ಒಳಗೆ ಹೋಯಿತು. ಅವಳ ಹೆಸರು, ತುಂಬಿ ಉಳಿಸಿಟ್ಟ ಅರ್ಜಿ ಎಲ್ಲವೂ ಇದ್ದವು. ಇನ್‌ಕಾಗ್ನಿಟೋ ಕಿಟಕಿ ಸಾಮಾನ್ಯ ಕಿಟಕಿಯಲ್ಲಿ ಕೂಡಿಟ್ಟ ಕುಕೀಗಳನ್ನು, ಅಂದರೆ ಜಾಲತಾಣಗಳು ನಮ್ಮನ್ನು ಗುರುತಿಸಲು ಬ್ರೌಸರಿನಲ್ಲಿ ಇಟ್ಟುಹೋಗುವ ಪುಟ್ಟ ಗುರುತುಚೀಟಿಗಳನ್ನು, ಬಳಸುವುದಿಲ್ಲ. ಅಲ್ಲಿ ಲಾಗಿನ್ ಆಗಿ ಇಲ್ಲಿ ಆಗುತ್ತಿಲ್ಲವೆಂದರೆ, ಪಾಸ್‌ವರ್ಡ್ ಸರಿಯಿದೆ, ಸರ್ವರ್ ಕೆಲಸ ಮಾಡುತ್ತಿದೆ, ಬ್ರೌಸರ್ ಹಿಡಿದಿಟ್ಟುಕೊಂಡ ಯಾವುದೋ ಹಳೆಯ ವಸ್ತು ಅಡ್ಡ ಬರುತ್ತಿದೆ ಎಂದೇ ಮೊದಲು ತಿಳಿಯಬೇಕು. “ಪಾಸ್‌ವರ್ಡ್ ಸರಿಯಾಗಿಯೇ ಇದೆ ತಾಯಿ, ಮಗಳು ಏನೂ ತಪ್ಪು ಮಾಡಿಲ್ಲ” ಎಂದೆ. ಅವರು ಮತ್ತೆ ಕೇಳಿದರು: “ಹಂಗಾರೆ ಬೆಳಿಗ್ಗೆಯಿಂದ ಅದು ತಪ್ಪು ತಪ್ಪು ಅಂತ ಯಾಕೆ ತೋರಿಸ್ತಿತ್ತು ಸಾರ್?” ಅರ್ಜಿಗಾಗಿ ಒಂದು ದಿನದ ಕೂಲಿ ಬಿಟ್ಟು ಬಂದಿದ್ದ ಆ ತಾಯಿಗೆ ಇದಕ್ಕೆ ಉತ್ತರ ತಿಳಿಯುವ ಹಕ್ಕಿತ್ತು.

ಅರ್ಜಿಯನ್ನು ಸಲ್ಲಿಸಿದ ಮೇಲೆ ಸಾಮಾನ್ಯ ಕಿಟಕಿಗೆ ಮರಳಿ ಎಫ್12 ಕೀಲಿಯನ್ನು ಒತ್ತಿ, ಆ ಜಾಲತಾಣದ ಹೆಸರಿನಲ್ಲಿದ್ದ ಕುಕೀಗಳ ಪಟ್ಟಿಯನ್ನು ತೆರೆದೆ. ಒಂದೇ ಹೆಸರಿನ ಎರಡು ಕುಕೀಗಳು ಒಂದರ ಕೆಳಗೊಂದು ಇದ್ದವು. ಒಂದು ಮೂಲ ಡೊಮೈನ್ ಹೆಸರಿಗೆ, ಅಂದರೆ ಜಾಲತಾಣದ ಮುಖ್ಯ ವಿಳಾಸಕ್ಕೆ ಸೇರಿದ್ದು, ಮತ್ತೊಂದು ಅದರ ಉಪಡೊಮೈನಿಗೆ, ಅಂದರೆ ಆ ವಿಳಾಸದ ಮುಂದೆ ಇನ್ನೊಂದು ಪದ ಸೇರಿಸಿ ಮಾಡಿದ ಒಳವಿಳಾಸಕ್ಕೆ ಸೇರಿದ್ದು. ಜಾಲತಾಣವನ್ನು ಇತ್ತೀಚೆಗೆ ಹೊಸದಾಗಿ ರೂಪಿಸಿದವರು ಲಾಗಿನ್ ವ್ಯವಸ್ಥೆಯನ್ನು ಉಪಡೊಮೈನಿಗೆ ಬದಲಾಯಿಸಿದ್ದರು, ಆದರೆ ಕುಕೀಗೆ ಹಳೆಯ ಹೆಸರನ್ನೇ ಉಳಿಸಿಕೊಂಡಿದ್ದರು.

ಬ್ರೌಸರಿನ ಲೆಕ್ಕದಲ್ಲಿ ಒಂದು ಕುಕೀಯನ್ನು ಗುರುತಿಸುವುದು ಅದರ ಹೆಸರು, ಡೊಮೈನ್ ಮತ್ತು ಪಾತ್ (ಜಾಲತಾಣದೊಳಗೆ ಆ ಕುಕೀ ಅನ್ವಯಿಸುವ ಭಾಗದ ವಿಳಾಸ) ಎಂಬ ಮೂರೂ ಸೇರಿ. ಈ ಮೂರರಲ್ಲಿ ಒಂದು ಬೇರೆಯಾದರೂ ಹೊಸ ಕುಕೀ ಹಳೆಯದನ್ನು ಅಳಿಸದೆ ಅದರ ಪಕ್ಕದಲ್ಲಿ ಉಳಿದುಕೊಳ್ಳುತ್ತದೆ, ಮತ್ತು ತೆರೆಯುತ್ತಿರುವ ಪುಟಕ್ಕೆ ಎರಡೂ ಅನ್ವಯಿಸುವಂತಿದ್ದರೆ ಬ್ರೌಸರ್ ಎರಡನ್ನೂ ಸರ್ವರ್‌ಗೆ ಕಳುಹಿಸುತ್ತದೆ. 2011ರಲ್ಲಿ ಪ್ರಕಟವಾದ ಆರ್‌ಎಫ್‌ಸಿ 6265 ಎಂಬ ಮಾನದಂಡದ ಪ್ರಕಾರ, ಪಾತ್‌ನ ಉದ್ದ ಒಂದೇ ಆಗಿದ್ದರೆ ಮೊದಲು ಹುಟ್ಟಿದ ಕುಕೀ ಸಾಲಿನಲ್ಲಿ ಮುಂದೆ ನಿಲ್ಲುತ್ತದೆ. ಈ ಕ್ರಮವನ್ನು ಸರ್ವರ್‌ಗಳು ನೆಚ್ಚಿಕೊಳ್ಳಬಾರದೆಂದೂ ಅದೇ ದಾಖಲೆ ಎಚ್ಚರಿಸಿದೆ. ಆದರೂ ಮುಂದೆ ನಿಂತದ್ದನ್ನು ಓದಿ ಹಿಂದಿನದನ್ನು ಬಿಟ್ಟುಬಿಡುವ ಸರ್ವರ್‌ಗಳು ಇವೆ. ಇಲ್ಲಿ ಆದದ್ದೂ ಅದೇ ಎಂದು ಹಳೆಯ ಕುಕೀಯೊಂದನ್ನೇ ಅಳಿಸಿ ನೋಡಿದಾಗ ಖಚಿತವಾಯಿತು. ಹುಡುಗಿ ಸರಿಯಾದ ಪಾಸ್‌ವರ್ಡ್ ಹಾಕಿದಾಗಲೆಲ್ಲ ಸರ್ವರ್ ಒಪ್ಪಿಕೊಂಡು ಹೊಸ ಕುಕೀಯನ್ನು ಕೊಟ್ಟಿತ್ತು. ಮರುಕ್ಷಣ ಮುಂದಿನ ಪುಟಕ್ಕೆ ಹೋಗುವಾಗ ಸತ್ತುಹೋದ ಹಳೆಯ ಕುಕೀಯನ್ನು ಓದಿ, ನೀನು ಯಾರೋ ಗೊತ್ತಿಲ್ಲವೆಂದು ಹೊರಗೆ ಕಳುಹಿಸಿತ್ತು.

ಕಂಪ್ಯೂಟರ್ ಆರಿಸಿದರೂ ಆ ಕುಕೀ ಹೋಗದೆ ಉಳಿದದ್ದು ಹೇಗೆಂದು ಸೆಂಟರಿನ ಹುಡುಗ ಕೇಳಿದ. ಅವಧಿ ನಮೂದಿಸದ ಕುಕೀಗಳು ಬ್ರೌಸರ್ ಮುಚ್ಚಿದಾಗ ಹೋಗಬೇಕು. ಆದರೆ ಕ್ರೋಮ್‌ನಲ್ಲಿ ಹಿಂದಿನ ಸಲ ಬಿಟ್ಟಲ್ಲಿಂದಲೇ ಮುಂದುವರಿಸುವ ಆಯ್ಕೆಯನ್ನು ಇಟ್ಟುಕೊಂಡರೆ ಅವೂ ಮರಳಿ ಬರುತ್ತವೆ. ಬೆಳಿಗ್ಗೆ ಬಂದ ತಕ್ಷಣ ಎಲ್ಲ ಪುಟಗಳೂ ಸಿದ್ಧವಾಗಿರಲೆಂದು ಅವನು ಅದನ್ನೇ ಇಟ್ಟುಕೊಂಡಿದ್ದ. ಕುಕೀ ಅಳಿಸಿದ ಮೇಲೂ ಒಮ್ಮೆ ಹಳೆಯ ಲಾಗಿನ್ ಪುಟವೇ ಕ್ಯಾಶೆಯಿಂದ, ಅಂದರೆ ಬ್ರೌಸರ್ ಉಳಿಸಿಟ್ಟುಕೊಂಡ ಪ್ರತಿಗಳ ಸಂಗ್ರಹದಿಂದ ಬಂದು, ಅದರೊಳಗೆ ಅಡಗಿದ್ದ ಅವಧಿ ಮುಗಿದ ಟೋಕನ್ನಿನಿಂದಾಗಿ (ಪುಟದ ಜೊತೆ ಸರ್ವರ್ ಕೊಡುವ ಗುಪ್ತ ಸಂಕೇತ) ಮತ್ತೆ ಕೆಂಪು ಸಾಲು ಕಾಣಿಸಿತು. ಕಂಟ್ರೋಲ್ ಹಿಡಿದು ಎಫ್5 ಒತ್ತಿ ಪುಟವನ್ನು ಸರ್ವರ್‌ನಿಂದಲೇ ತರಿಸಿದಾಗ ಅದೂ ಸರಿಹೋಯಿತು. ಲಾಗಿನ್ ಪುಟವನ್ನು ಬ್ರೌಸರ್ ಉಳಿಸಿಟ್ಟುಕೊಳ್ಳಬಾರದೆಂದು ಸರ್ವರ್ ಒಂದು ಸಾಲಿನ ಸೂಚನೆಯಲ್ಲೇ ತಿಳಿಸಬಹುದು. ಇಲ್ಲಿ ಆ ಸೂಚನೆ ಇರಲಿಲ್ಲ.

ಕುಕೀಯನ್ನು 1994ರಲ್ಲಿ ನೆಟ್‌ಸ್ಕೇಪ್ ಕಂಪನಿಯ ಲೂ ಮೊಂಟುಲಿ ರೂಪಿಸಿದರು. ಬ್ರೌಸರ್ ಮತ್ತು ಸರ್ವರ್ ಮಾತಾಡಿಕೊಳ್ಳುವ ಎಚ್‌ಟಿಟಿಪಿ ಎಂಬ ಪದ್ಧತಿಗೆ ತಾನಾಗಿ ಯಾರ ನೆನಪೂ ಇರುವುದಿಲ್ಲ. ಒಂದು ಪುಟ ಕೇಳಿದವರೇ ಮುಂದಿನ ಪುಟವನ್ನೂ ಕೇಳುತ್ತಿದ್ದಾರೆಂದು ಅದಕ್ಕೆ ತಿಳಿಯುವುದಿಲ್ಲ. ಅಂಗಡಿಯಲ್ಲಿ ಚೀಲ ಇಟ್ಟು ಒಳಗೆ ಹೋಗುವಾಗ ಕೊಡುವ ಬಿಲ್ಲೆಯಂತೆ, ಬ್ರೌಸರಿನ ಕೈಯಲ್ಲಿ ಒಂದು ಗುರುತನ್ನು ಕೊಟ್ಟು ಪ್ರತಿ ಸಲವೂ ಅದನ್ನು ತೋರಿಸುವಂತೆ ಮಾಡಿದ ಆ ಉಪಾಯದ ಮೇಲೆ ಇಂದಿನ ಎಷ್ಟೋ ಲಾಗಿನ್‌ಗಳು ನಿಂತಿವೆ. ಅದು ದೊಡ್ಡ ಉಪಾಯ, ಅದರ ಬಗ್ಗೆ ನನ್ನ ದೂರಿಲ್ಲ. ನನ್ನ ದೂರಿರುವುದು, ಒಂದು ಬ್ರೌಸರ್ ಎಂದರೆ ಒಬ್ಬ ಮನುಷ್ಯ ಎಂದು ತಿಳಿದು ಜಾಲತಾಣ ಕಟ್ಟುವವರ ಬಗ್ಗೆ. ನಮ್ಮ ತಾಲ್ಲೂಕುಗಳಲ್ಲಿ ಒಂದು ಕಂಪ್ಯೂಟರನ್ನು ಹತ್ತಾರು ಹಳ್ಳಿಗಳ ಜನ ಬಳಸುತ್ತಾರೆ. ಬೆಳಿಗ್ಗೆ ಬಂದ ರೈತನ ಕುಕೀ ಮಧ್ಯಾಹ್ನ ಬಂದ ವಿದ್ಯಾರ್ಥಿನಿಯ ಹೊತ್ತಿಗೂ ಅಲ್ಲೇ ಇರುತ್ತದೆ. ಸ್ವಂತ ಲ್ಯಾಪ್‌ಟಾಪ್ ಇದ್ದವರಿಗೆ ಈ ತೊಂದರೆ ಎದುರಾಗುವುದು ಅಪರೂಪ. ಎದುರಾದರೂ ಅವರು ಮತ್ತೊಂದು ಬ್ರೌಸರ್ ತೆರೆದು ಮುಂದೆ ಹೋಗುತ್ತಾರೆ. ವಿದ್ಯಾರ್ಥಿವೇತನ ಯಾರಿಗೆ ಅತ್ಯಗತ್ಯವೋ ಅವರೇ ಹಂಚಿಕೊಂಡ ಕಂಪ್ಯೂಟರುಗಳ ಮುಂದೆ ಕೂರುವವರು, ಅವರನ್ನೇ ಈ ಜಾಲತಾಣ ತಡೆಯುತ್ತಿದೆ.

“ನಮ್ಮ ಹುಡುಗೀದೇ ತಪ್ಪಾ ಸಾರ್?” ಎಂಬ ಮಾತು ನೆನಪಾದಾಗಲೆಲ್ಲ ನನಗೆ ಆ ಕೆಂಪು ಸಾಲಿನ ಮೇಲೆ ಸಿಟ್ಟು ಬರುತ್ತದೆ. ಪಾಸ್‌ವರ್ಡ್ ಸರಿಯಿದೆಯೆಂದು ಸರ್ವರ್‌ಗೆ ಗೊತ್ತಿತ್ತು. ಆದರೂ ಯಾವ ಕಾರಣಕ್ಕೆ ಹಿಂದಕ್ಕೆ ಕಳುಹಿಸಿದರೂ ಒಂದೇ ಸಾಲನ್ನು ತೋರಿಸುವಂತೆ ಅದನ್ನು ಬರೆದವರು ಬರೆದಿದ್ದರು. ಓದಿಕೊಂಡವರು ಅದನ್ನು ನೋಡಿ ಜಾಲತಾಣವನ್ನು ಬೈಯುತ್ತಾರೆ, ಓದದ ತಾಯಿ ಮಗಳನ್ನು ಅನುಮಾನಿಸುತ್ತಾಳೆ. ಸಹಾಯವಾಣಿಯ ಆ ಯುವಕನನ್ನು ನಾನು ದೂರುವುದಿಲ್ಲ, ಅವನ ಮುಂದೆ ಇಟ್ಟ ಉತ್ತರಗಳ ಪಟ್ಟಿಯಲ್ಲಿ ಕುಕೀಯ ಮಾತೇ ಇರಲಿಲ್ಲವೆಂದು ಕಾಣುತ್ತದೆ. ಎಲ್ಲವನ್ನೂ ಅಳಿಸಿಬಿಡಿ ಎನ್ನುವ ಸಲಹೆಯೂ ನನಗೆ ಒಪ್ಪಿಗೆಯಿಲ್ಲ. ವಿಳಾಸ ಪಟ್ಟಿಯ ಎಡತುದಿಯ ಗುರುತನ್ನು ಒತ್ತಿ ಆ ಒಂದು ಜಾಲತಾಣದ ಕುಕೀಗಳನ್ನಷ್ಟೇ ತೆಗೆದರೆ ಉಳಿದ ಕೆಲಸ ಕೆಡುವುದಿಲ್ಲ.

ಆನ್‌ಲೈನ್ ಸೆಂಟರುಗಳಿಗೆ ಇದಕ್ಕಿಂತ ಮುಖ್ಯವಾದ ಮಾತೊಂದಿದೆ. ಹಳೆಯ ಕುಕೀ ಸತ್ತಿದ್ದರೆ ಲಾಗಿನ್ ಆಗುವುದಿಲ್ಲ, ಅಷ್ಟೇ. ಬದುಕಿದ್ದರೆ ಹಿಂದಿನವರ ಖಾತೆಯೇ ಮುಂದಿನವರ ಕಣ್ಣೆದುರು ತೆರೆದುಕೊಳ್ಳುತ್ತದೆ. ಆಧಾರ್ ಸಂಖ್ಯೆ, ಬ್ಯಾಂಕ್ ಖಾತೆ, ಜಾತಿ, ಆದಾಯ ಎಲ್ಲವೂ ಅಲ್ಲಿರುತ್ತವೆ. ಪ್ರತಿಯೊಬ್ಬ ಗಿರಾಕಿಗೂ ಹೊಸದಾಗಿ ಗೆಸ್ಟ್ ಕಿಟಕಿಯನ್ನು (ಮುಚ್ಚಿದಾಗ ಕುಕೀಗಳನ್ನು ಉಳಿಸಿಕೊಳ್ಳದ ಕಿಟಕಿ) ತೆರೆದು, ಕೆಲಸ ಮುಗಿದ ಮೇಲೆ ಲಾಗ್‌ಔಟ್ ಮಾಡಿ ಆ ಕಿಟಕಿಯನ್ನು ಮುಚ್ಚಬೇಕೆಂದು ಹುಡುಗನಿಗೆ ತೋರಿಸಿಕೊಟ್ಟೆ. ಅವನು ಅಲ್ಲೇ ಎಲ್ಲ ಕಂಪ್ಯೂಟರುಗಳ ಸೆಟ್ಟಿಂಗ್ ಬದಲಾಯಿಸಿದ.

ಜಾಲತಾಣದವರಿಗೆ ಅದೇ ರಾತ್ರಿ ಮಿಂಚಂಚೆ ಬರೆದೆ. ಎರಡು ಕುಕೀಗಳ ಚಿತ್ರವನ್ನು ಲಗತ್ತಿಸಿ, ಕುಕೀಗೆ ಹೊಸ ಹೆಸರಿಡಿ, ಹಳೆಯದನ್ನು ಅಳಿಸುವ ಸಾಲೊಂದನ್ನು ಸೇರಿಸಿ, ಲಾಗಿನ್ ಪುಟ ಕ್ಯಾಶೆಯಲ್ಲಿ ಉಳಿಯದಂತೆ ಮಾಡಿ, ಪಾಸ್‌ವರ್ಡ್ ತಪ್ಪಾದಾಗ ಮಾತ್ರ ತಪ್ಪೆಂದು ಹೇಳಿ ಎಂದು ಕೇಳಿಕೊಂಡಿದ್ದೇನೆ. ದೂರು ದಾಖಲಾಗಿದೆ ಎಂಬ ಉತ್ತರವಷ್ಟೇ ಈವರೆಗೆ ಬಂದಿದೆ.

ಸೆಂಟರಿನ ಹುಡುಗ ಮರುದಿನ ಬೆಳಿಗ್ಗೆ ನನಗೆ ಮತ್ತೆ ಫೋನ್ ಮಾಡಿದ. ಪಾಸ್‌ವರ್ಡ್ ಮರೆತಿದ್ದೀರೆಂದು ಹೇಳಿ ಹಿಂದಿನ ದಿನಗಳಲ್ಲಿ ಅವನು ವಾಪಸು ಕಳುಹಿಸಿದ್ದ ಮಕ್ಕಳ ಹೆಸರು, ನಂಬರುಗಳು ಅವನ ಪುಸ್ತಕದಲ್ಲಿದ್ದವು. ಒಬ್ಬೊಬ್ಬರಿಗೂ ಫೋನ್ ಮಾಡಿ, ನಿಮ್ಮ ಪಾಸ್‌ವರ್ಡ್ ಸರಿಯಿದೆ, ಶನಿವಾರದೊಳಗೆ ಬನ್ನಿ, ದುಡ್ಡು ಬೇಡ ಎಂದು ತಿಳಿಸುತ್ತಿದ್ದಾನೆ. ಒಬ್ಬ ಹುಡುಗನ ಫೋನ್ ಸ್ವಿಚ್ ಆಫ್ ಆಗಿದೆಯಂತೆ. ಆ ಊರಿಗೆ ಹೋಗುವ ಬಸ್ಸಿನ ಕಂಡಕ್ಟರ್ ಹತ್ತಿರ ಹೇಳಿ ಕಳುಹಿಸಿದ್ದಾನೆ.