ಬಾವಲಿಯನ್ನು ಕಚ್ಚಿದವನ ಬ್ಯಾಂಡ್ ಅಲ್ವಾ ಅದು?

ಇಂಗ್ಲೆಂಡಿನ ಹೆವಿ ಮೆಟಲ್ (ಅಬ್ಬರದ ರಾಕ್) ಬ್ಯಾಂಡ್ ಬ್ಲ್ಯಾಕ್ ಸಬತ್ ಕೇಳುತ್ತೇನೆ ಅಂದ ಕೂಡಲೇ ಬರುವ ಪ್ರಶ್ನೆ ಇದು. ಸಾಕಾಗಿದೆ, ಬರೆದೇ ಬಿಡುತ್ತೇನೆ. ಬಾವಲಿ ತಲೆ ಕಚ್ಚಿದ್ದು ಈ ಬ್ಯಾಂಡಿನ ಹಳೆಯ ಹಾಡುಗಾರ ಓಝಿ ಆಸ್ಬರ್ನ್, 1982ರ ಜನವರಿಯಲ್ಲಿ, ಅಮೆರಿಕದಲ್ಲಿ. ಯಾರೋ ವೇದಿಕೆಗೆ ಎಸೆದಿದ್ದರು, ರಬ್ಬರಿನದು ಅಂದುಕೊಂಡೆ ಅಂತ ಅವನೇ ಹೇಳಿದ್ದ. ಬ್ಲ್ಯಾಕ್ ಸಬತ್ ಅವನನ್ನು ಹೊರಗೆ ಹಾಕಿದ್ದು 1979ರಲ್ಲೇ. ಆಯ್ತಲ್ಲ?

ಒಂದು ಮದುವೆಯಲ್ಲಿ ದೂರದ ನೆಂಟರೊಬ್ಬರು ಇದನ್ನೇ ಕೇಳಿದರು. ನಾನು ಬಾಯಿ ತೆರೆಯುವಷ್ಟರಲ್ಲಿ "ಅಂಥದ್ದನ್ನೆಲ್ಲ ಹೇಗೆ ಕೇಳ್ತೀಯಪ್ಪಾ" ಅಂತ ಪಕ್ಕದವರ ಕಡೆ ತಿರುಗಿದರು. ಸಿಟ್ಟು ಬಂತು. ಹೋಳಿಗೆಯನ್ನೂ ಬೇಡ ಅಂದೆ. ಆ ಗಿಟಾರಿನ ನಾದ ಯಾಕೆ ಅಷ್ಟು ಭಾರ ಅಂತ ಒಬ್ಬರಾದರೂ ಕೇಳಬಾರದಾ?

ಅದಕ್ಕೆ ಕಾರಣ ಬ್ಯಾಂಡಿನ ಗಿಟಾರ್ ವಾದಕ ಟೋನಿ ಐಯೋಮಿಯ ಕೈ. 1965, ಬರ್ಮಿಂಗ್‌ಹ್ಯಾಮ್. ಹುಡುಗನಿಗೆ 17 ವರ್ಷ, ತಗಡಿನ ಕಾರ್ಖಾನೆಯಲ್ಲಿ ಕೆಲಸದ ಕೊನೆಯ ದಿನ. ಮಧ್ಯಾಹ್ನ ಊಟಕ್ಕೆ ಬಂದವನು ವಾಪಸ್ ಹೋಗಲ್ಲ ಅಂದ. ಹಿಡಿದ ಕೆಲಸ ಮುಗಿಸಿ ಬಾ ಅಂತ ಅಮ್ಮ ಕಳಿಸಿದರು. ಕೆಲಸಕ್ಕೆ ಬಾರದ ಇನ್ನೊಬ್ಬರ ಯಂತ್ರದ ಮುಂದೆ ಅವನನ್ನು ನಿಲ್ಲಿಸಿದರು. ಬಲಗೈಯ ಎರಡು ಬೆರಳ ತುದಿ ಹೋಯಿತು. ಟೋನಿ ಎಡಚ. ಅಂದರೆ ತಂತಿ ಒತ್ತುವ ಕೈಯೇ ಅದು.

ಇನ್ನು ನುಡಿಸೋದು ಮರೆತುಬಿಡು ಅಂದರು ಡಾಕ್ಟರು. ಆದರೆ ಕಾರ್ಖಾನೆಯ ಮೇಲಿನವರೊಬ್ಬರು ಜಾಝ್ ಗಿಟಾರ್ ವಾದಕ ಜಾಂಗೋ ರೈನ್‌ಹಾರ್ಟ್‌ನ ರೆಕಾರ್ಡ್ ತಂದುಕೊಟ್ಟರು. ಬೆಂಕಿಯಲ್ಲಿ ಕೈ ಸುಟ್ಟ ಮೇಲೆ ಎರಡೇ ಬೆರಳಲ್ಲಿ ತಂತಿ ಮೇಲೆ ಓಡಾಡಿದವನು ಆತ. ಅದನ್ನು ಕೇಳಿದ ಟೋನಿ ಸೋಪಿನ ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೊಪ್ಪಿ ಮಾಡಿಕೊಂಡ. ಮೇಲೆ ಚರ್ಮ ಅಂಟಿಸಿದ. ತೆಳ್ಳಗಿನ ಗಿಟಾರ್ ತಂತಿ ಆಗ ಅಂಗಡಿಯಲ್ಲಿ ಸಿಗುತ್ತಿರಲಿಲ್ಲ, ಬ್ಯಾಂಜೋ ತಂತಿ ಹಾಕಿದ. 1971ರ ‘ಮಾಸ್ಟರ್ ಆಫ್ ರಿಯಾಲಿಟಿ’ ಆಲ್ಬಮ್ ಹೊತ್ತಿಗೆ ಕೆಲವು ಹಾಡುಗಳಿಗೆ ಶ್ರುತಿಯನ್ನೇ ಮೂರು ಸ್ವರಸ್ಥಾನ ಕೆಳಗಿಳಿಸಿದ. ತಂತಿ ಸಡಿಲವಾಯಿತು, ಬೆರಳಿಗೆ ಸುಲಭವಾಯಿತು. ನಾದ ಮಾತ್ರ ನೇರ ಎದೆಗೆ ಬಡಿಯುವಂತಾಯಿತು. ಎಷ್ಟೋ ಹೆವಿ ಮೆಟಲ್ ಬ್ಯಾಂಡುಗಳು ಇವತ್ತಿಗೂ ಹೀಗೆ ಶ್ರುತಿ ಕೆಳಗಿಳಿಸಿಯೇ ನುಡಿಸುತ್ತವೆ.

ಇದನ್ನು ಸುಮ್ನೆ ಛಲದ ಕಥೆ ಅಂತ ಹೇಳಿಬಿಡುತ್ತಾರೆ. ನನಗೆ ಒಪ್ಪಿಗೆಯಿಲ್ಲ. ಛಲ ಎಷ್ಟೋ ಜನಕ್ಕೆ ಇರುತ್ತದೆ. ಪ್ಲಾಸ್ಟಿಕ್ಕಿಗೆ ತಂತಿಯ ಸ್ಪರ್ಶ ತಿಳಿಯಲ್ಲ. ಕಿವಿಯನ್ನೇ ನಂಬಿ ಒತ್ತಬೇಕು. ಅಂಥ ಕೈಗೆ ತಕ್ಕ ಸಂಗೀತವನ್ನೇ ಅವನು ಹೊಸದಾಗಿ ಕಟ್ಟಿದ. ಬ್ಯಾಂಡಿಗೆ ಎಷ್ಟೋ ಜನ ಬಂದರು, ಹೋದರು. ಮೊದಲಿಂದ ಕೊನೆವರೆಗೂ ಇದ್ದವನು ಟೋನಿ ಒಬ್ಬನೇ. 2025ರ ಜುಲೈ 5ರಂದು ಬರ್ಮಿಂಗ್‌ಹ್ಯಾಮ್‌ನಲ್ಲಿ ಅವರೆಲ್ಲ ಬೆಳೆದ ಆಸ್ಟನ್‌ನಲ್ಲೇ, ವಿಲ್ಲಾ ಪಾರ್ಕ್ ಮೈದಾನದಲ್ಲಿ, ಓಝಿಯೂ ಸೇರಿ ಮೂಲ ನಾಲ್ವರೂ ಕೊನೆಯ ಸಲ ನುಡಿಸಿದರು. ಅದೇ ವೇದಿಕೆಗೆ ಅಮೆರಿಕದ ಮೆಟಲ್ ಬ್ಯಾಂಡ್ ಮೆಟಾಲಿಕಾ ಕೂಡ ಬಂದಿತ್ತು.

ಮೊದಲು ‘ಮಾಸ್ಟರ್ ಆಫ್ ರಿಯಾಲಿಟಿ’ಯ ‘ಚಿಲ್ಡ್ರನ್ ಆಫ್ ದ ಗ್ರೇವ್’ ಹಾಕಿ, ಗಿಟಾರ್ ಒಂದಕ್ಕೇ ಕಿವಿಗೊಟ್ಟು ಕೇಳಿ. ಆಮೇಲೆ ಏನು ಬೇಕಾದರೂ ಕೇಳಿ, ಹೇಳುತ್ತೇನೆ.